ಪದ್ಯ ಉಳೀತು, ಹಾವು ಹೋಯ್ತು

ಕಾಸರಗೋಡಿನ ಬದಿಯಡ್ಕದ ಹತ್ರ ನಮ್ಮ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಗುಲಾಬಿ ಕಾಗದ ಸಿಕ್ಕಿತು. ಮಂಗಲಪತ್ರ. ಈಗಿನ ಮಕ್ಕಳಿಗೆ ಗೊತ್ತಿರ್ಲಿಕ್ಕಿಲ್ಲ, ಮೊದಲು ಮದುವೆ ಅಂದ್ರೆ ನೆಂಟರಲ್ಲಿ ಪದ್ಯ ಕಟ್ಟುವವರು ಒಬ್ಬರಾದ್ರೂ ಇರ್ತಿದ್ರು, ಅವರು ಹುಡುಗ ಹುಡುಗಿಯ ಹೆಸರು ಸೇರಿಸಿ ಪದ್ಯ ಬರೆದು ಪ್ರೆಸ್ಸಲ್ಲಿ ಅಚ್ಚು ಹಾಕಿಸಿ ತಂದು ಊಟದ ಹಂತಿಯಲ್ಲಿ ಹಂಚಿ, ರಾಗ ಎಳೆದು ಓದಿ, ಪಾಯಸ ಬರುವಷ್ಟರಲ್ಲಿ ಮುಗಿಸ್ಬೇಕು. ನಮಗೆ ಸಿಕ್ಕಿದ್ದು ಅಜ್ಜನ ತಮ್ಮ, ನಮ್ಮ ಸಣ್ಣಜ್ಜ ಬರೆದದ್ದು. ಅದರಲ್ಲಿ ಸಾಲುಗಳೇ ಇಲ್ಲ, ಒಂದು ಹಾವು ಉಂಟು. ಸುತ್ತಿ ಸುತ್ತಿ ಮಲಗಿದ ಹಾವು, ಮೈತುಂಬ ಚೌಕದ ಮನೆ, ಮನೆಗೊಂದು ಅಕ್ಷರ. ನಾಗಬಂಧ. ಅಕ್ಷರಗಳನ್ನು ಹೀಗೆ ಒಂದು ಆಕಾರದಲ್ಲಿ ಕಟ್ಟಿದ್ರೆ ಬಂಧ, ಅಂಥ ಪದ್ಯಕ್ಕೆ ಚಿತ್ರಕಾವ್ಯ ಅಂತ ಹೆಸರು. ಪ್ರೆಸ್ಸಲ್ಲಿ ಹಾವಿನ ಅಚ್ಚು ಎಲ್ಲಿಂದ ಬರ್ಬೇಕು, ಸಣ್ಣಜ್ಜ ತಾನೇ ಕೈಯಲ್ಲಿ ಬರೆದು ಮಂಗಳೂರಿಗೆ ಹೋಗಿ ಬ್ಲಾಕ್ ಮಾಡಿಸಿ ತಂದದ್ದಂತೆ, ಆ ಖರ್ಚಿಗೆ ಅಜ್ಜನ ಹತ್ರ ಬೈಗುಳ ತಿಂದದ್ದೂ ಉಂಟಂತೆ.

ಕಾಗದದ ಒಂದು ಮೂಲೆ ಒರಳೆ ತಿಂದಿತ್ತು. ಅದು ಅಡ್ಡಿಯಿಲ್ಲ. ನಿಜವಾದ ನಷ್ಟ ಆದದ್ದು ಮರುದಿನ, ನಮ್ಮ ಭಾವ ಅದನ್ನು ನಾಲ್ಕು ಸಾಲಾಗಿ ಟೈಪ್ ಮಾಡಿ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದಾಗ. ಎಲ್ಲರೂ ಕೈ ಮುಗಿದ್ರು. ನಾನು ಓದಿ ನೋಡ್ತೇನೆ, ಛಂದಸ್ಸು ಕುಂಟ್ತದೆ, ಎಲ್ಲೆಲ್ಲೋ ಅಕ್ಷರ ಕಮ್ಮಿ. ಸಣ್ಣಜ್ಜನಿಗೆ ಲೆಕ್ಕ ತಪ್ಪುವುದುಂಟಾ? ಮತ್ತೆ ಹೊಳೀತು, ಹಾವಿನ ಮೈ ಒಂದರ ಮೇಲೊಂದು ದಾಟುವ ಕಡೆ ಮನೆ ಒಂದೇ, ಆ ಅಕ್ಷರವನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಓದ್ಬೇಕು. ಭಾವ ಒಂದೇ ಸಲ ಟೈಪ್ ಮಾಡಿದ್ರು. ಹಾವು ತೆಗೆದದ್ದೇ ಪದ್ಯವೂ ಮುರೀತು.

ಇಂಥ ಪದ್ಯಗಳನ್ನು ಎತ್ತಿಟ್ಟವರ ಚರಿತ್ರೆ ಓದ್ತಾ ಹೋದ್ರೆ ಎಲ್ಲಾ ಕಡೆ ಇದೇ ಎಡವಟ್ಟು. ಮಾತು ಉಳಿಸಿದವರು ತುಂಬ ಜನ, ಆಕಾರ ಉಳಿಸಿದವರು ಬೆರಳೆಣಿಕೆ.

ನಮ್ಮಲ್ಲಿ ಇದು ಹಳೇ ಆಟ. ಸಂಸ್ಕೃತ ಕಾವ್ಯದ ನಿಯಮ ಬರೆದ ಲಾಕ್ಷಣಿಕ ದಂಡಿ ತನ್ನ ಕಾವ್ಯಾದರ್ಶದ ಮೂರನೇ ಭಾಗದಲ್ಲಿ ಗೋಮೂತ್ರಿಕೆ, ಸರ್ವತೋಭದ್ರ ಅಂತ ಲಕ್ಷಣ ಹೇಳಿದ, 9ನೇ ಶತಮಾನದಲ್ಲಿ ಅದೇ ದಾರಿ ಹಿಡಿದ ನಮ್ಮ ಕವಿರಾಜಮಾರ್ಗದಲ್ಲೂ ಈ ಕಸರತ್ತಿಗೆ ಜಾಗ ಉಂಟು. ಗೋಮೂತ್ರಿಕೆ ಅಂದ್ರೆ ಎಂತದು ಅಂದ್ರೆ, ಎತ್ತು ನಡೀತಾ ಉಚ್ಚೆ ಹೊಯ್ದರೆ ನೆಲದಲ್ಲಿ ಬೀಳುವ ಓರೆಕೋರೆ ಗೆರೆ. ನಮ್ಮ ಲಾಕ್ಷಣಿಕರಿಗೆ ನಾಚಿಕೆ ಇರ್ಲಿಲ್ಲ, ಒಳ್ಳೇದೇ ಆಯ್ತು. ಎರಡು ಸಾಲು ಬರೀಬೇಕು, ಒಂದು ಬಿಟ್ಟು ಒಂದು ಅಕ್ಷರ ಎರಡರಲ್ಲೂ ಒಂದೇ ಇರ್ಬೇಕು. ನಾನೇ ಒಂದು ಸಣ್ಣದು ಮಾಡಿದ್ದೇನೆ, ಕಾವ್ಯಗುಣ ಕೇಳ್ಬೇಡಿ:

ಹಾ ಲು ಜೇ ನು
ಸಾ ಲು ಮೀ ನು

ಮೇಲಿನ ಹಾ, ಕೆಳಗಿನ ಲು, ಮೇಲಿನ ಜೇ, ಕೆಳಗಿನ ನು. ಓರೆಯಾಗಿ ಓದಿದ್ರೂ ಹಾಲುಜೇನು. ಕೆಳಗಿಂದ ಶುರು ಮಾಡಿದ್ರೆ ಸಾಲುಮೀನು. ಇಷ್ಟೇ ಸಂಗತಿ, ಆದ್ರೆ 32 ಅಕ್ಷರದ ಶ್ಲೋಕದಲ್ಲಿ ಅರ್ಥವೂ ಕೆಡದ ಹಾಗೆ ಮಾಡ್ಲಿಕ್ಕೆ ತಲೆ ಬೇಕು. ಭಾರವಿಯ ಕಿರಾತಾರ್ಜುನೀಯದ 15ನೇ ಸರ್ಗದಲ್ಲಿ "ದೇವಾಕಾನಿನಿ ಕಾವಾದೇ" ಅಂತ ಶುರುವಾಗುವ ಸರ್ವತೋಭದ್ರ ಉಂಟಲ್ಲ, ಅದನ್ನು 64 ಮನೆಯ ಚೌಕದಲ್ಲಿ ಬರೆದಿಟ್ರೆ ಎಡದಿಂದ, ಬಲದಿಂದ, ಮೇಲಿಂದ, ಕೆಳಗಿಂದ ಹೇಗೆ ಓದಿದ್ರೂ ಅದೇ.

ಇದಕ್ಕೆ ಪೆಟ್ಟು ಬಿದ್ದದ್ದು ದೊಡ್ಡವರಿಂದ. ಕಾಶ್ಮೀರದ ಲಾಕ್ಷಣಿಕ ಆನಂದವರ್ಧನ ಚಿತ್ರಕಾವ್ಯ ಮುಖ್ಯ ಕಾವ್ಯವೇ ಅಲ್ಲ, ಬರೀ ಕಾವ್ಯದ ಅನುಕರಣೆ ಅಂದ. ಆಮೇಲಿನ ಲಾಕ್ಷಣಿಕ ಮಮ್ಮಟ ಇದನ್ನು ಕೊನೇ ದರ್ಜೆಗೆ ತಳ್ಳಿದ. ತಮಾಷೆ ಅಂದ್ರೆ ಅದೇ ಆನಂದವರ್ಧನ ಬಂಧಗಳೇ ತುಂಬಿದ ದೇವೀಶತಕ ಬರೆದಿದ್ದಾನೆ, ಮನೆಯಲ್ಲಿ ಕದ್ದು ಇಸ್ಪೀಟ್ ಆಡಿ ಪೇಟೆಯಲ್ಲಿ ಜೂಜಿನ ವಿರುದ್ಧ ಭಾಷಣ ಮಾಡಿದ ಹಾಗೆ. ಆದ್ರೆ ಮುಂದಿನವರು ಹಿಡ್ಕೊಂಡದ್ದು ಭಾಷಣವನ್ನು. ಕೊನೇ ದರ್ಜೆ ಅಂತ ಒಮ್ಮೆ ಹೆಸರು ಬಿದ್ದ ಮೇಲೆ ಅದರ ಚಿತ್ರಕ್ಕೆ ಯಾರು ಕಷ್ಟ ಪಡ್ತಾರೆ?

ಅದೂ ಅಲ್ದೆ ಓಲೆಗರಿಯಲ್ಲಿ ಚಿತ್ರಕ್ಕೆ ಜಾಗ ಎಲ್ಲುಂಟು. ಮೂರು ಬೆರಳು ಅಗಲದ ಪಟ್ಟಿ, ಕಂಟದಲ್ಲಿ ಗೀರಿ ಮಸಿ ಉಜ್ಜುವುದು. ಸಾಲು ಮುರಿಯುವ ಪದ್ಧತಿಯೂ ಇಲ್ಲ, ಪದ್ಯ ಮುಗಿದಲ್ಲಿ ಒಂದು ಗೆರೆ ಎಳೆದು ಮುಂದಿನದ್ದು ಅಲ್ಲೇ ಶುರು. ಹಾಗಾಗಿ ಬಂಧದ ಮಾತು ಮಾತ್ರ ಓಲೆಗೆ ಹತ್ತಿ, ಆಕಾರ ಬಲ್ಲವರ ತಲೆಯಲ್ಲಿ ಉಳೀತಿತ್ತು. ಕಲ್ಲಿಗೆ ಆ ತೊಂದರೆ ಇಲ್ಲ ನೋಡಿ, ಮಧ್ಯಪ್ರದೇಶದ ಧಾರ್ ಮತ್ತು ಉಜ್ಜಯಿನಿಯಲ್ಲಿ ಅಕ್ಷರಮಾಲೆ, ವ್ಯಾಕರಣದ ಪ್ರತ್ಯಯಗಳನ್ನೆಲ್ಲ ಹಾವಿನ ಸುರುಳಿಯಲ್ಲಿ ಕೆತ್ತಿದ ಶಾಸನಗಳು ಇವತ್ತಿಗೂ ಹಾಗೇ ಉಂಟು.

ಒಂದು ವಿಷಯ ನಮ್ಮ ಕಾಸರಗೋಡಿನವರಿಗೆ ಬೇಗ ಅರ್ಥ ಆಗ್ತದೆ. ಇಲ್ಲಿಯ ಸಂಸ್ಕೃತ ಓಲೆ ಬಹಳಷ್ಟು ತುಳು ಲಿಪಿಯಲ್ಲಿ, ಅಂದ್ರೆ ತಿಗಳಾರಿಯಲ್ಲಿ. ಅಚ್ಚಾಗುವಾಗ ಕನ್ನಡಕ್ಕೆ ಬಂತು, ಶಾಲೆಗೆ ಹೋದ್ರೆ ಮಲಯಾಳ ಲಿಪಿ. ಬಂಧ ಎಣಿಸುವುದು ಉಚ್ಚಾರದ ಅಕ್ಷರವನ್ನು, ಹಾಗಾಗಿ ಈ ಮೂರು ಲಿಪಿಯಲ್ಲಿ ಯಾವುದರಿಂದ ಯಾವುದಕ್ಕೆ ಹೋದ್ರೂ ಹಾವು ಹಾವೇ, ಒಂದು ಮನೆಯೂ ಹೆಚ್ಚುಕಮ್ಮಿ ಆಗುದಿಲ್ಲ. ಲಿಪಿ ಬದಲಾದ್ದಕ್ಕೆ ಇದು ಸತ್ತದ್ದಲ್ಲ.

ಅಚ್ಚು ಬಂದ ಮೇಲೆ ಸ್ವಲ್ಪ ಆಸೆ ಹುಟ್ಬೇಕಿತ್ತು. 1843ರ ಮಂಗಳೂರ ಸಮಾಚಾರ ಕಲ್ಲಚ್ಚಿನದ್ದು, ಕಲ್ಲಚ್ಚಲ್ಲಿ ಕೈಬರಹ, ಚಿತ್ರ ಎಲ್ಲ ಒಟ್ಟಿಗೇ ಬೀಳ್ತದೆ, ಹಾವೂ ಸುಲಭ. ಆದ್ರೆ ಮೊಳೆ ಜೋಡಿಸುವ ಅಚ್ಚು ಹರಡಿದ ಮೇಲೆ ಪುಟ ಅಂದ್ರೆ ನೆಟ್ಟಗಿನ ಸಾಲು ಅಂತ ಆಯ್ತು. ಆ ಸಾಲಲ್ಲೂ ಒಂದು ಚಂದ ಇತ್ತು, ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರುವ ಆದಿಪ್ರಾಸ ಅಚ್ಚಾದ ಪುಟದಲ್ಲಿ ಕಂಬ ನಿಲ್ಲಿಸಿದ ಹಾಗೆ ಕಾಣ್ತದೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆ ಕಂಬ ಕಿತ್ತರು. ಬೇಕಾದ್ದೇ, ನಾನು ತಪ್ಪು ಹೇಳುದಿಲ್ಲ. ಆದ್ರೆ ಪ್ರಾಸವೇ ಭಾರ ಅಂತ ಕಂಡ ಕಾಲದಲ್ಲಿ ನಾಗಬಂಧಕ್ಕೆ ಯಾರು ಮಣೆ ಹಾಕ್ತಾರೆ, ಅದು ಮಂಗಲಪತ್ರಕ್ಕೆ, ಶಾಲೆಯ ಕೈಬರಹದ ಪತ್ರಿಕೆಗೆ ಬಂದು ಸೇರಿತು. ಶತಾವಧಾನಿ ಗಣೇಶರು, ಸಭೆಯಲ್ಲಿ ನಿಂತಲ್ಲೇ ಪದ್ಯ ಕಟ್ಟುವ ಅವಧಾನದಲ್ಲಿ ಚಿತ್ರಕವಿತೆಯನ್ನು ಪುನಃ ವೇದಿಕೆ ಹತ್ತಿಸಿದ್ದು ಎಷ್ಟೋ ವರ್ಷದ ನಂತರ.

ಈ ಮಧ್ಯೆ ಕಡಲಾಚೆ ಇದೇ ಹುಚ್ಚು ಬೇರೆ ಹೆಸರಲ್ಲಿ ಎದ್ದಿತ್ತು, ಕಾಂಕ್ರೀಟ್ ಪೊಯಟ್ರಿ. ನಮ್ಮ ಊರಲ್ಲಿ ಕಾಂಕ್ರೀಟ್ ಅಂದ್ರೆ ಟೆರೇಸು, ಇದು ಅದಲ್ಲ. ಬೊಲಿವಿಯಾದಲ್ಲಿ ಹುಟ್ಟಿದ ಸ್ವಿಸ್ ಕವಿ ಓಯ್ಗನ್ ಗೋಮ್ರಿಂಗರ್ 1953ರಲ್ಲಿ, ಬ್ರೆಜಿಲಿನ ಸಾವೊ ಪಾವ್ಲೋದಲ್ಲಿ ಕಾಂಪೋಸ್ ಸಹೋದರರು ಮತ್ತು ಪಿಗ್ನತಾರಿ ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಪದಗಳನ್ನು ಪುಟದ ಮೇಲೆ ವಸ್ತುಗಳ ಹಾಗೆ ಇಡ್ಲಿಕ್ಕೆ ಶುರು ಮಾಡಿದ್ರು. ಗೋಮ್ರಿಂಗರನ ಒಂದು ಪದ್ಯದಲ್ಲಿ ಮೌನ ಅನ್ನುವ ಜರ್ಮನ್ ಶಬ್ದ ಮಾತ್ರ ಉಂಟು, ಐದು ಸಾಲು, ಸಾಲಿಗೆ ಮೂರು, ಆದ್ರೆ ಒಟ್ಟು 15 ಅಲ್ಲ, 14. ನಟ್ಟನಡುವಿನದ್ದು ಖಾಲಿ. ಆ ಖಾಲಿಯೇ ನಿಜವಾದ ಮೌನ. ಯಾರಾದ್ರೂ ಭಾವನ ಹಾಗೆ ಅದನ್ನು ಸಾಲಾಗಿ ಟೈಪ್ ಮಾಡಿದ್ರೆ ಏನುಳೀತದೆ, ಒಂದೇ ಶಬ್ದ 14 ಸಲ.

ಲೈಬ್ರರಿಗಳಿಗೆ ಇದು ತಲೆನೋವು. ಪದ್ಯ ಬರುವುದು ಪುಸ್ತಕವಾಗಿ ಅಲ್ಲ, ಪೋಸ್ಟ್ ಕಾರ್ಡು, ಮಡಚಿದ ಕಾಗದ, ಪೋಸ್ಟರು, ಟೈಪ್‌ರೈಟರಲ್ಲಿ ಹೊಡೆದ ಹಾಳೆ, ಅಥವಾ ಸ್ಕಾಟ್ಲೆಂಡಿನ ಇಯಾನ್ ಹ್ಯಾಮಿಲ್ಟನ್ ಫಿನ್ಲೆಯ ಹಾಗೆ ಇಡೀ ಒಂದು ತೋಟದ ಕಲ್ಲುಗಳ ಮೇಲೆ. ಲೈಬ್ರರಿಯವರು ಇದು ಚಿತ್ರ ಅಂತಾರೆ, ಮ್ಯೂಸಿಯಮಿನವರು ಇದು ಪುಸ್ತಕ ಅಂತಾರೆ. ನಮ್ಮ ಕಾಸರಗೋಡಿನ ಹಾಗೆ, 1956ರಲ್ಲಿ ಕೇರಳಕ್ಕೆ ಸೇರಿದಲ್ಲಿಂದ ಆಚೆಯವರಿಗೆ ಈಚೆಯವರು, ಈಚೆಯವರಿಗೆ ಆಚೆಯವರು.

ಹಾಗಾಗಿ ಎತ್ತಿಟ್ಟದ್ದು ಯಾರು ಅಂದ್ರೆ, ಡಾಕ್ಟರುಗಳು. ಅಮೆರಿಕದ ಮಯಾಮಿಯಲ್ಲಿ ಮಾರ್ವಿನ್ ಸ್ಯಾಕ್ನರ್ ಅಂತ ಒಬ್ಬ ಶ್ವಾಸಕೋಶದ ಡಾಕ್ಟರು, ಅವನ ಹೆಂಡ್ತಿ ರೂತ್, ಇಬ್ಬರೂ ಸೇರಿ 1979ರಲ್ಲಿ ಕಾಂಕ್ರೀಟ್ ಮತ್ತು ದೃಶ್ಯಕಾವ್ಯಕ್ಕೆಂದೇ ಒಂದು ಸಂಗ್ರಹ ಶುರು ಮಾಡಿದ್ರು, ಮನೆಯೇ ಆರ್ಕೈವ್. ರೂತ್ ತೀರಿದ್ದು 2015ರಲ್ಲಿ. 2019ರಲ್ಲಿ ಅದು ಅಯೋವಾ ಯುನಿವರ್ಸಿಟಿಗೆ ಹೋಗುವಾಗ 75,000ಕ್ಕೂ ಹೆಚ್ಚು ವಸ್ತುಗಳು. ಜರ್ಮನಿಯಲ್ಲಿ ಹಾನ್ಸ್ ಸೋಮ್ ಅಂತ ಒಬ್ಬ ಹಲ್ಲಿನ ಡಾಕ್ಟರು, ಆ ಕಾಲದ ಪ್ರಯೋಗದವರ ಕಾಗದ ಪತ್ರ ಎಲ್ಲ ಗುಡ್ಡೆ ಹಾಕಿದ, 1981ರಲ್ಲಿ ಅದು ಸ್ಟುಟ್‌ಗಾರ್ಟಿನ ಸರಕಾರಿ ಗ್ಯಾಲರಿಗೆ ಬಂತು. ಸಾಹಿತ್ಯದ ಪ್ರೊಫೆಸರುಗಳು ಇದು ಯಾವ ದರ್ಜೆ ಅಂತ ನೋಡ್ತಾ ಕೂತಾಗ ಇವರು ಪೋಸ್ಟಲ್ಲಿ ಬಂದದ್ದನ್ನು ಕವರ್ ಸಮೇತ ತೆಗೆದಿಟ್ರು, ಅಷ್ಟೇ.

ನಮ್ಮ ದೇಶದಲ್ಲಿ ಅಕ್ಷರದ ಆಕಾರಕ್ಕೆ ತಲೆ ಕೊಟ್ಟವರಲ್ಲಿ ಮುಂಬಯಿಯ ಆರ್.ಕೆ. ಜೋಶಿ ದೊಡ್ಡ ಹೆಸರು, ಮರಾಠಿ ಕವಿ, ಕ್ಯಾಲಿಗ್ರಫಿಯವರು. ವಿಂಡೋಸಿನ ಕನ್ನಡ ಫಾಂಟು ತುಂಗಾದ ಹಿಂದೆಯೂ ಅವರೇ. ಆದ್ರೆ ಕಂಪ್ಯೂಟರಲ್ಲಿ ನಮ್ಮ ಹಾವಿಗೆ ಹೊಸ ಗಂಡಾಂತರ. ನಾವು ಒಂದು ಅಕ್ಷರ ಅನ್ನುವುದು ಯೂನಿಕೋಡಿಗೆ, ಅಂದ್ರೆ ಕಂಪ್ಯೂಟರಿನ ಅಕ್ಷರಸಂಕೇತದ ಪಟ್ಟಿಗೆ, ಒಂದಲ್ಲ. "ಕಾ" ಅಂದ್ರೆ ಎರಡು ಸಂಕೇತ, "ಸ್ವ" ಅಂದ್ರೆ ಸ, ಹಲಂತ, ವ ಅಂತ ಮೂರು. "ದೇವಾಕಾನಿನಿ ಕಾವಾದೇ" ನಮ್ಮ ಬಾಯಲ್ಲಿ 8 ಅಕ್ಷರ, ಕಂಪ್ಯೂಟರ್ ಲೆಕ್ಕದಲ್ಲಿ 16. ಹಿಂದುಮುಂದು ಮಾಡು ಅಂತ ಪ್ರೋಗ್ರಾಮಿಗೆ ಹೇಳಿದ್ರೆ ಮೊದಲು ಬರುವುದು ಬರೀ ಒಂದು ಏತ್ವ, ಅದಕ್ಕೆ ವ್ಯಂಜನವೇ ಇಲ್ಲ. ಮತ್ತೆ ಒತ್ತಕ್ಷರ ಕೆಳಗೆ ನೇತಾಡ್ತದೆ, ಒಂದು ಅಕ್ಷರ ಅಗಲ ಒಂದು ಸಪೂರ, ಇಂಗ್ಲಿಷ್ ಟೈಪ್‌ರೈಟರಿನ ಹಾಗೆ ಎಲ್ಲದಕ್ಕೂ ಒಂದೇ ಅಳತೆಯ ಮನೆ ಸಿಕ್ಕುದಿಲ್ಲ. ಮೂರು ಲಿಪಿ ದಾಟಿ ಬಂದ ಬಂಧ ಇಲ್ಲಿ ಬಂದು ಕಾಲು ಮುರ್ಕೊಂಡದ್ದು.

ಇದಕ್ಕೆ ವಿರುದ್ಧದ ಉದಾಹರಣೆ ಸಿರಿಭೂವಲಯ. ಅದರ ಕಾಲ, ಕರ್ತೃವಿನ ಜಗಳ ಬದಿಗಿಡಿ. ಅಕ್ಷರವೇ ಇಲ್ಲ, 27 ಅಡ್ಡ 27 ಉದ್ದ, ಒಟ್ಟು 729 ಮನೆಯಲ್ಲಿ 1ರಿಂದ 64ರ ವರೆಗಿನ ಅಂಕೆ, ಒಂದೊಂದು ಅಂಕೆ ಒಂದೊಂದು ಅಕ್ಷರಕ್ಕೆ. ಮಾತಾಗಿದ್ರೆ ಯಾರಾದ್ರೂ ತಿದ್ದಿ ಸಾಲು ಮಾಡಿ ಕೊಡ್ತಿದ್ರು, ಅಂಕೆಯಾದ್ದರಿಂದ ಚೌಕವನ್ನು ಚೌಕವಾಗಿಯೇ ಇಡ್ಬೇಕಾಯ್ತು.

ನಮ್ಮ ಗುಲಾಬಿ ಕಾಗದಕ್ಕೆ ನಾವು ಮಾಡಿದ್ದು ಇಷ್ಟು. ಇಸ್ತ್ರಿ ಹಾಕ್ಬೇಡಿ ಅಂತ ಅಮ್ಮನನ್ನು ತಡೆದು, ಪಕ್ಕದಲ್ಲಿ ಮಕ್ಕಳ ಸ್ಕೇಲ್ ಇಟ್ಟು ಎರಡೂ ಬದಿಯ ಫೋಟೋ ತೆಗೆದೆ, ಹಿಂದಿನ ಬದಿಯ ಎಣ್ಣೆ ಕಲೆ ಸಮೇತ. ಟೈಪ್ ಮಾಡಿದ್ದನ್ನು ಬೇರೆ ಫೈಲಲ್ಲಿಟ್ಟೆ. ಉಳಿದದ್ದು ಓದುವ ದಾರಿ, ತಲೆಯಿಂದ ಶುರುವಾ ಬಾಲದಿಂದವಾ? ಎರಡು ದಿನ ಒದ್ದಾಡಿದ ಮೇಲೆ ದೊಡ್ಡಮ್ಮನ ಹತ್ರ ಹಿಡ್ಕೊಂಡು ಹೋದೆ, ಅದು ಅವರದೇ ಮದುವೆಯ ಕಾಗದ. ಕನ್ನಡಕವೂ ಹಾಕದೆ ಬಾಲಕ್ಕೆ ಬೆರಳಿಟ್ರು, "ಇಲ್ಲಿಂದ ಮಾರಾಯ, ನಿನ್ನ ಸಣ್ಣಜ್ಜ ಎಲ್ಲ ಉಲ್ಟಾ ಅಲ್ವಾ" ಅಂತ ಹೇಳಿ ರಾಗದಲ್ಲೇ ಹೊರಟ್ರು, ದಾಟುವ ಮನೆಗಳಲ್ಲೆಲ್ಲ ಸರಿಯಾಗಿ ಎರಡೆರಡು ಸಲ, ಒರಳೆ ತಿಂದ ಮೂಲೆಯ ಅಕ್ಷರವೂ ಬಾಯಲ್ಲಿ ಬಂತು.

ನಾನು ಮೊಬೈಲಲ್ಲಿ ವಿಡಿಯೋ ಮಾಡಿದ್ದೆ. ಮನೆಗೆ ಬಂದು ನೋಡ್ತೇನೆ, ಧ್ವನಿ ಉಂಟು, ಆದ್ರೆ ಯಾವ ಅಕ್ಷರ ಓದ್ತಾರೋ ಸರೀ ಅದನ್ನೇ ದೊಡ್ಡಮ್ಮನ ಬೆರಳು ಮುಚ್ತದೆ. ಪುನಃ ಮಾಡ್ಬೇಕು, ಈ ಸಲ ಊದುಬತ್ತಿ ಕಡ್ಡಿ ಕೊಟ್ಟು. ಅಡಿಕೆ ಸುಲಿದು ಮುಗಿದ ಮೇಲೆ ಬಾ ಅಂದಿದ್ದಾರೆ.