ಎಂಟು ಎತ್ತಿನ ನೇಗಿಲು, ನಮ್ಮ ಪಹಣಿಯ ಎಕರೆ

ಹಳ್ಳಿಯ ಹಿರಿಯರನ್ನು ದಾರಿ ಕೇಳಿ. "ಇಲ್ಲೇ, ಒಂದೆರಡು ಫರ್ಲಾಂಗು" ಅನ್ನುತ್ತಾರೆ. ಪಹಣಿ ತೆಗೆಸಿ, ಅದರಲ್ಲಿ ಎಕರೆ, ಗುಂಟೆ ಇರುತ್ತದೆ. ಮೈದಾನಕ್ಕೆ ಹೋಗಿ, ಕ್ರಿಕೆಟ್ ಪಿಚ್ಚು 22 ಗಜ. ಮಧ್ಯಯುಗದ ಇಂಗ್ಲೆಂಡಿನ ಒಂದು ಹೊಲದ ಪಟ್ಟಿಯಲ್ಲಿ ಈ ಮೂರೂ ಅಳತೆ ಒಟ್ಟಿಗೆ ಸಿಗುತ್ತವೆ. ಆ ಪಟ್ಟಿಯ ಆಕಾರವನ್ನು ತೀರ್ಮಾನಿಸಿದ್ದು ರಾಜನಲ್ಲ, ಜಮೀನ್ದಾರನಲ್ಲ. ಎತ್ತುಗಳು.

ಫರ್ಲಾಂಗು ಅಂದರೆ ನೇಗಿಲ ಸಾಲಿನ ಉದ್ದ. ಹಳೆಯ ಇಂಗ್ಲಿಷಿನಲ್ಲಿ ಆ ಪದದ ಅರ್ಥವೇ ಅದು. ಎತ್ತುಗಳು ಒಂದೇ ದಮ್ಮಿಗೆ ಎಳೆದು, ನಿಂತು ಸುಧಾರಿಸಿಕೊಳ್ಳುವಷ್ಟು ದೂರ. ಅದು 220 ಗಜ ಅಂತ ಗಟ್ಟಿಯಾಯಿತು. ಒಂದು ನೇಗಿಲು ಒಂದು ದಿನದಲ್ಲಿ ಉಳುವಷ್ಟು ನೆಲ ಒಂದು ಎಕರೆ. 220 ಗಜ ಉದ್ದ, 22 ಗಜ ಅಗಲದ ಪಟ್ಟಿ. ಎಕರೆ ಅನ್ನುವ ಪದವೂ ನಮಗೆ ದೂರದ್ದಲ್ಲ, ಹೊಲ ಎಂಬರ್ಥದ ಋಗ್ವೇದದ 'ಅಜ್ರ' ಅದರ ದಾಯಾದಿ.

ಈ ಪಟ್ಟಿಯನ್ನು 16.5 ಅಡಿಯ ಕೋಲಿನಲ್ಲಿ ಅಳೆಯುತ್ತಿದ್ದರು. ಉದ್ದಕ್ಕೆ 40 ಕೋಲು, ಅಗಲಕ್ಕೆ 4 ಕೋಲು. ಈಗ ಒಂದು ಚೆಂದ ನೋಡಿ. ಕೋಲಿಗೊಂದರಂತೆ ಪಟ್ಟಿಯನ್ನು ಅಡ್ಡಡ್ಡ ಕತ್ತರಿಸಿದರೆ 40 ತುಂಡು. ಒಂದೊಂದು ತುಂಡೂ 121 ಚದರ ಗಜ. ನಮ್ಮ 33 ಅಡಿ ಉದ್ದ, 33 ಅಡಿ ಅಗಲದ ಗುಂಟೆಯೂ ಸರಿಯಾಗಿ 121 ಚದರ ಗಜ! 40 ಗುಂಟೆಗೆ ಒಂದು ಎಕರೆ ಅಂತ ಶಾಲೆಯಲ್ಲಿ ಸುಮ್ನೆ ಬಾಯಿಪಾಠ ಮಾಡಿದ್ದೆವು. ಯಾರೂ ಈ ಪಟ್ಟಿಯನ್ನು ತೋರಿಸಲಿಲ್ಲ.

ಯುರೋಪಿನ ಊಳಿಗಮಾನ್ಯ ಪದ್ಧತಿ ಅಂದರೆ ನಮಗೆ ಕೋಟೆ, ಕುದುರೆ, ಕವಚ ತೊಟ್ಟ ಸವಾರ ನೆನಪಾಗುತ್ತಾರೆ. ಪಠ್ಯಪುಸ್ತಕದಲ್ಲಿ ಒಂದು ಗೋಪುರದ ಚಿತ್ರ. ಮೇಲೆ ರಾಜ, ನಡುವೆ ಸರದಾರರು, ಕೆಳಗೆ ರೈತ. ಆ ಕಾಲದ ಜನಕ್ಕೆ ಹೀಗೊಂದು 'ಪದ್ಧತಿ'ಯ ಹೆಸರೇ ಗೊತ್ತಿರಲಿಲ್ಲ. ಹೆಸರಿಟ್ಟವರು ನೂರಾರು ವರ್ಷ ಆಮೇಲಿನ ವಕೀಲರು, ಇತಿಹಾಸಕಾರರು. ಹೊಸ ಮದುವಣಗಿತ್ತಿಯ ಮೇಲೆ ಒಡೆಯನಿಗೆ 'ಮೊದಲ ರಾತ್ರಿಯ ಹಕ್ಕು' ಇತ್ತು ಅನ್ನುವ ಮಾತಂತೂ ಸಿನಿಮಾಗಳಿಂದ ಇಳಿಯುವುದೇ ಇಲ್ಲ. ಅಂಥ ಕಾನೂನು ಇತ್ತು ಅನ್ನುವುದಕ್ಕೆ ಆಧಾರವಿಲ್ಲ. ಇದ್ದದ್ದು ಮದುವೆ ತೆರಿಗೆ. ಮಗಳ ಮದುವೆಗೆ ಅಪ್ಪ ಒಡೆಯನಿಗೆ ಹಣ ಕಟ್ಟಬೇಕಿತ್ತು. ಅದೇ ಸಾಕಷ್ಟು ಅನ್ಯಾಯ, ಮೇಲೆ ಬಣ್ಣ ಬಳಿಯುವ ಅಗತ್ಯವಿಲ್ಲ. ಇಂಥ ಕಥೆಗಳ ಗದ್ದಲದಲ್ಲಿ ನಿಜವಾದ ಸೋಜಿಗ ಮರೆಯಾಗುತ್ತದೆ. ಅದು ನೇಗಿಲು.

ನಮ್ಮ ಮರದ ನೇಗಿಲು ಮಣ್ಣನ್ನು ಗೀರುತ್ತದೆ, ಮಗುಚುವುದಿಲ್ಲ. ನಮ್ಮ ಬಿಸಿಲಿಗೆ ಅದೇ ಸರಿ, ನೆಲದ ತೇವ ಉಳಿಯುತ್ತದೆ. ಮೆಡಿಟರೇನಿಯನ್ ಸಮುದ್ರದ ಸುತ್ತಲೂ ಇಂಥದ್ದೇ ನೇಗಿಲಿತ್ತು. ಇದನ್ನು ಹಿಂದುಳಿದ ನೇಗಿಲು ಅನ್ನುವವರಿಗೆ ಮಣ್ಣು ಗೊತ್ತಿಲ್ಲ. ಉತ್ತರ ಯುರೋಪಿನ ಸಮಸ್ಯೆ ತಿರುಗುಮುರುಗು. ಅಲ್ಲಿ ನೀರು ಜಾಸ್ತಿ, ಬಿಸಿಲು ಕಡಿಮೆ, ಮಣ್ಣು ಅಂಟು. ಅದಕ್ಕೆ ಬೇರೆಯದೇ ಯಂತ್ರ ಬೇಕಾಯಿತು. ಮುಂದೆ ಚಾಕುವಿನ ಹಾಗೆ ನಿಂತ ಕಬ್ಬಿಣದ ಅಲಗು ಮಣ್ಣನ್ನು ಉದ್ದಕ್ಕೆ ಸೀಳುತ್ತದೆ. ಹಿಂದಿನ ಗುಳ ತಳದಿಂದ ಕತ್ತರಿಸುತ್ತದೆ. ಅದರ ಹಿಂದಿರುವ ಓರೆ ಹಲಗೆ ಆ ಮಣ್ಣಿನ ಪಟ್ಟಿಯನ್ನು ಬಲಕ್ಕೆ ಮಗುಚಿ ಹಾಕುತ್ತದೆ. ಕಾವಲಿಯ ಮೇಲೆ ದೋಸೆ ಮಗುಚಿದ ಹಾಗೆ. ಕಳೆ ಅಡಿಗೆ ಹೋಗಿ ಕೊಳೆಯುತ್ತದೆ, ಅಡಿಯ ಸಾರ ಮೇಲೆ ಬರುತ್ತದೆ. ಮಣ್ಣು ಯಾವಾಗಲೂ ಬಲಕ್ಕೇ ಬೀಳುವುದರಿಂದ, ಪಟ್ಟಿಯನ್ನು ಸುತ್ತುಸುತ್ತಾಗಿ ಉತ್ತರೆ ನಡುವೆ ದಿಬ್ಬ ಏಳುತ್ತದೆ. ಅಂಚಿನಲ್ಲಿ ತಗ್ಗು ಉಳಿಯುತ್ತದೆ. ಮಳೆನೀರು ಆ ತಗ್ಗಿನಲ್ಲಿ ಹರಿದು ಹೋಗುತ್ತದೆ. ಹೊಲವೇ ಚರಂಡಿ ಕೆಲಸವನ್ನೂ ಮಾಡುತ್ತದೆ.

ಆದರೆ ಈ ನೇಗಿಲು ಭಾರ. ಜೇಡಿಮಣ್ಣಿನಲ್ಲಿ ಇದನ್ನು ಎಳೆಯಲು ಲೆಕ್ಕಕ್ಕೆ ಎಂಟು ಎತ್ತು, ನಾಲ್ಕು ಜೊತೆ ಒಂದರ ಹಿಂದೊಂದು. ಹೊಲದಲ್ಲಿ ಕೆಲವೊಮ್ಮೆ ಕಡಿಮೆಯೂ ಇರುತ್ತಿದ್ದವು. ಎಳೆಯುವುದಕ್ಕಿಂತ ಕಷ್ಟ ಇವನ್ನು ತಿರುಗಿಸುವುದು.

ತೇರು ಎಳೆಯುವುದನ್ನು ನೆನಪಿಸಿಕೊಳ್ಳಿ. ನೇರ ಬೀದಿಯಲ್ಲಿ ಜನ ಉಘೇ ಉಘೇ ಅಂತ ಎಳೆದುಕೊಂಡು ಹೋಗುತ್ತಾರೆ. ಮೂಲೆ ಬಂತು ಅಂದರೆ ಮಿಣಿ ಸಡಿಲ ಬಿಡಬೇಕು, ಚಕ್ರಕ್ಕೆ ಮರದ ತುಂಡು ಕೊಡಬೇಕು, ಎಲ್ಲರೂ ಒಂದು ಕಡೆ ಸರಿಯಬೇಕು. ಘಾಟಿಯ ತಿರುವಿನಲ್ಲಿ ಉದ್ದನೆಯ ಲಾರಿ ಸಿಕ್ಕಿದರೂ ಹೀಗೇ, ನೇರ ದಾರಿಯಲ್ಲಿ ಕಳೆಯದ ಹೊತ್ತು ಅಲ್ಲಿ ಕಳೆಯುತ್ತದೆ. ಎರೆ ಹೊಲದಲ್ಲಿ ರಂಟೆಗೆ ಎರಡು ಮೂರು ಜೊತೆ ಎತ್ತು ಹೂಡಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದಿನ ಜೊತೆ ಇನ್ನೂ ಎಳೆಯುತ್ತಿರುವಾಗಲೇ ಮುಂದಿನ ಜೊತೆ ಹೊಲದ ಕೊನೆ ಮುಟ್ಟಿರುತ್ತದೆ.

ಈಗ ಲೆಕ್ಕ ಹಾಕೋಣ. ಒಂದು ಸಾಲಿನ ಅಗಲ ಒಂದು ಅಡಿ ಅಂದುಕೊಳ್ಳಿ. ಒಂದು ಎಕರೆ ಚೌಕಾಕಾರದಲ್ಲಿದ್ದರೆ ಅದರ ಬದಿ ಸುಮಾರು 209 ಅಡಿ. ಅಂದರೆ 209 ಸಾಲು, ಹತ್ತಿರ ಹತ್ತಿರ ಅಷ್ಟೇ ಸಲ ತಿರುಗಿಸಬೇಕು. ಅದೇ ಎಕರೆ 22 ಗಜ ಅಗಲದ ಪಟ್ಟಿಯಾಗಿದ್ದರೆ 66 ಅಡಿ, 66 ಸಾಲು. ನಡೆಯುವ ದೂರ ಎರಡರಲ್ಲೂ ಒಂದೇ, 13 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಒಂದು ತಿರುವಿಗೆ ಒಂದು ನಿಮಿಷ ಹಿಡಿದರೂ ಚೌಕದಲ್ಲಿ ಮೂರೂವರೆ ಗಂಟೆ ಬರೀ ತಿರುಗುವುದಕ್ಕೇ ಹೋಗುತ್ತದೆ. ಪಟ್ಟಿಯಲ್ಲಿ ಒಂದು ಗಂಟೆ ಚಿಲ್ಲರೆ. ಹಾಗಾದರೆ ಇನ್ನೂ ಉದ್ದ ಮಾಡಬಹುದಿತ್ತಲ್ವಾ? ಆಗುವುದಿಲ್ಲ, ಎತ್ತಿನ ಉಸಿರು ಬಿಡುವುದಿಲ್ಲ. ತಿರುವಿನ ನಷ್ಟ ಪಟ್ಟಿಯನ್ನು ಉದ್ದಕ್ಕೆ ಎಳೆಯುತ್ತದೆ, ಎತ್ತಿನ ದಮ್ಮು ಅದನ್ನು ಗಿಡ್ಡ ಮಾಡುತ್ತದೆ. ಎರಡರ ಜಗಳ ರಾಜಿಯಾಗುವ ಜಾಗವೇ ಫರ್ಲಾಂಗು.

ಇನ್ನೂ ಒಂದು ಸಾಕ್ಷಿ ಉಂಟು. ಮಧ್ಯ ಇಂಗ್ಲೆಂಡಿನ ಹುಲ್ಲುಗಾವಲುಗಳಲ್ಲಿ ಸಂಜೆಯ ಓರೆ ಬಿಸಿಲು ಬಿದ್ದಾಗ ಈ ಹಳೆಯ ದಿಬ್ಬ ತಗ್ಗುಗಳು ನೆರಳಿನ ಗೆರೆಗಳಾಗಿ ಏಳುತ್ತವೆ. ಗೆರೆಗಳು ನೇರ ಇರುವುದಿಲ್ಲ. ತುದಿಗಳಲ್ಲಿ ಮೆಲ್ಲಗೆ ಬಾಗಿ, ಕನ್ನಡಿಯಲ್ಲಿ ಕಂಡ ಇಂಗ್ಲಿಷಿನ 'ಎಸ್' ಅಕ್ಷರದಂತೆ ಇರುತ್ತವೆ. ಉದ್ದನೆಯ ಎತ್ತಿನ ಸಾಲನ್ನು ಕೊನೆಯಲ್ಲಿ ಒಮ್ಮೆಲೇ ತಿರುಗಿಸಲಾಗದೆ, ಸ್ವಲ್ಪ ಮೊದಲೇ ಎಡಕ್ಕೆ ಬಾಗಿಸುತ್ತಾ ಬಂದದ್ದರ ಗುರುತು ಅದು.

ಎಂಟು ಎತ್ತು ಒಂದು ಬಡ ಮನೆಯಲ್ಲಿ ಎಲ್ಲಿಂದ ಬರಬೇಕು? ಒಬ್ಬನ ಹತ್ತಿರ ಒಂದು, ಇನ್ನೊಬ್ಬನ ಹತ್ತಿರ ಎರಡು. ನಮ್ಮ ಮುಯ್ಯಾಳಿನ ಹಾಗೆ ಸೇರಿಸಿ ಹೂಡಬೇಕು. ಇದು ಬರೀ ನನ್ನ ಊಹೆಯಲ್ಲ, ಅವರ ಭೂಮಾಪನದಲ್ಲೇ ಇದೆ. ಎಂಟು ಎತ್ತಿನ ನೇಗಿಲಿಗೆ ಸರಿಯಾದ ಜಮೀನಿಗೆ ಕ್ಯಾರುಕೇಟ್ ಅನ್ನುತ್ತಿದ್ದರು. ಅದರ ಎಂಟನೇ ಒಂದು ಪಾಲು ಬೋವೇಟ್, ಅಂದರೆ ಒಂದು ಎತ್ತಿನ ಪಾಲು, ಸುಮಾರು 15 ಎಕರೆ. 1086ರಲ್ಲಿ ವಿಲಿಯಂ ದೊರೆ ಇಂಗ್ಲೆಂಡಿನ ಲೆಕ್ಕ ಬರೆಸಿದ. ಡೂಮ್ಸ್‌ಡೇ ಅಂತ ಜನ ಕರೆದ ಆ ದಫ್ತರದಲ್ಲಿ 13 ಸಾವಿರಕ್ಕೂ ಜಾಸ್ತಿ ಊರುಗಳಿವೆ. ಊರೂರಿಗೂ ಅವನ ಗುಮಾಸ್ತರು ಕೇಳಿದ್ದು ನೇಗಿಲು ಎಷ್ಟು ಅಂತ. ಒಟ್ಟು ಸುಮಾರು 80 ಸಾವಿರ.

ನೇಗಿಲು ಸೇರಿತು ಅಂದ ಮೇಲೆ ಹೊಲಕ್ಕೂ ಬೇಲಿ ಇರಲಿಲ್ಲ. ಒಬ್ಬ ರೈತನ ಪಟ್ಟಿಗಳು ಊರ ತುಂಬಾ ಚದುರಿರುತ್ತಿದ್ದವು. ಇದನ್ನು ಮೂರ್ಖತನ ಅಂದವರು ಬಹಳ. ನಮ್ಮಲ್ಲಿ ಅಣ್ಣತಮ್ಮಂದಿರು ಹಿಸ್ಸೆ ಆಗುವಾಗ ಎರೆಯಲ್ಲೊಂದು ತುಂಡು, ಮಸಾರಿಯಲ್ಲೊಂದು ತುಂಡು ಎಲ್ಲರಿಗೂ ಬರಲಿ ಅನ್ನುತ್ತಾರಲ್ಲ, ಅದೇ ಜಾಣತನ. ಆಲಿಕಲ್ಲು ಬಿದ್ದರೂ, ತಗ್ಗಿನಲ್ಲಿ ನೀರು ನಿಂತರೂ ಒಬ್ಬನ ಎಲ್ಲ ಬೆಳೆಯೂ ಹೋಗುವುದಿಲ್ಲ. ಒಂದು ಕಾಳು ಬಿತ್ತಿದರೆ ಮೂರು ನಾಲ್ಕು ಕಾಳು ಬರುತ್ತಿದ್ದ ಕಾಲ ಅದು. ಅದರಲ್ಲೇ ಒಂದು ಬೀಜಕ್ಕೆ, ಹತ್ತರಲ್ಲೊಂದು ಚರ್ಚಿಗೆ. ಬೆಳೆ ಕೈಕೊಟ್ಟರೆ ಮನೆ ಹಸಿಯುತ್ತಿತ್ತು.

ಬೇಲಿ ಇಲ್ಲದ ಹೊಲದಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಬಿತ್ತಬೇಕು, ಒಂದೇ ಹೊತ್ತಿಗೆ ಕೊಯ್ಯಬೇಕು. ಕಟಾವಾದ ಮೇಲೆ ಊರ ದನ ಎಲ್ಲರ ಕೂಳೆಯನ್ನೂ ಮೇಯುತ್ತದೆ, ಗೊಬ್ಬರವೂ ಎಲ್ಲರಿಗೆ. ಮೂರು ಹೊಲಗಳ ಸರದಿ ಹೀಗೇ ನಡೆಯಿತು. ಒಂದರಲ್ಲಿ ಚಳಿಗಾಲದ ಗೋಧಿ, ಒಂದರಲ್ಲಿ ವಸಂತದ ಬಾರ್ಲಿ, ಓಟ್ಸ್ ಅಥವಾ ಬಟಾಣಿ, ಒಂದು ಬೀಳು. 600 ಎಕರೆ ಊರಿಗೆ ಲೆಕ್ಕ ನೋಡಿ. ಬೀಳು ನೆಲವನ್ನು ಕಳೆ ಸಾಯಲೆಂದು ಎರಡು ಸಲ ಉಳಬೇಕು. ಅರ್ಧ ಬೀಳು ಬಿಟ್ಟರೆ ಉಳುಮೆ 900 ಎಕರೆ, ಬೆಳೆ 300 ಎಕರೆ. ಮೂರರಲ್ಲೊಂದು ಬೀಳು ಬಿಟ್ಟರೆ ಉಳುಮೆ 800, ಬೆಳೆ 400. ಎತ್ತಿಗೆ ಕೆಲಸ ಕಡಿಮೆಯಾಯಿತು, ಊಟ ಹೆಚ್ಚಾಯಿತು! ಬಟಾಣಿ ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ ಅಂತ ವಿಜ್ಞಾನಕ್ಕೆ ತಿಳಿದದ್ದು 1880ರ ದಶಕದಲ್ಲಿ. ಆ ಕಾಳು ಬೆಳೆದ ನೆಲ ಮುಂದೆ ಚೆನ್ನಾಗಿರುತ್ತದೆ ಅಂತ ಬಿತ್ತುವವರಿಗೆ ಅದಕ್ಕೂ ಬಹಳ ಮೊದಲೇ ಗೊತ್ತಿತ್ತು. ನಮ್ಮ ರಾಗಿ ಹೊಲದ ಅಕ್ಕಡಿ ಸಾಲಿನ ಅವರೆ, ತೊಗರಿಯ ಗುಟ್ಟೂ ಇದೇ.

ಹಾಗಾದರೆ ಒಡೆಯ ಏನು ಮಾಡುತ್ತಿದ್ದ? ಈ ಯಂತ್ರದ ಮೇಲೆ ಕೂತು ತನ್ನ ಪಾಲು ತೆಗೆಯುತ್ತಿದ್ದ. ಜೀತದ ರೈತ ವಾರಕ್ಕೆ ಎರಡು ಮೂರು ದಿನ ಅವನ ಹೊಲದಲ್ಲಿ ಬಿಟ್ಟಿ ದುಡಿಯಬೇಕು. ರೈತ ಸತ್ತರೆ ಮನೆಯ ಒಳ್ಳೆಯ ದನ ಒಡೆಯನ ಕೊಟ್ಟಿಗೆಗೆ. ಹಿಟ್ಟು ಬೀಸುವುದೂ ಅವನ ಗಿರಣಿಯಲ್ಲೇ, ಅದಕ್ಕೂ ಕಾಳು ಕೊಡಬೇಕು. ಸೇಂಟ್ ಆಲ್ಬನ್ಸ್ ಮಠದ ಅಧಿಪತಿ ವಾಲಿಂಗ್‌ಫೋರ್ಡಿನ ರಿಚರ್ಡ್ ಗಣಿತದಲ್ಲಿ ಮೇಧಾವಿ. ಸೂರ್ಯ ಚಂದ್ರರ ಗತಿ ತೋರಿಸುವ ಗಡಿಯಾರ ಮಾಡಿದವನು, ಕಮ್ಮಾರನ ಮಗ. ಅವನೇ 1330ರ ದಶಕದ ಹೊತ್ತಿಗೆ ಜನರ ಮನೆಯ ಬೀಸುವ ಕಲ್ಲುಗಳನ್ನು ಕಿತ್ತುಕೊಂಡ. ಆ ಕಲ್ಲುಗಳನ್ನು ಮಠದ ಕೋಣೆಯ ನೆಲಕ್ಕೆ ಹಾಸಿಸಿದರು. ಅಜ್ಜಿ ಬೀಸಿದ ಕಲ್ಲಿನ ಮೇಲೆ ಸನ್ಯಾಸಿಗಳು ನಡೆದಾಡುತ್ತಿದ್ದರು. ಊರವರು ಮರೆಯಲಿಲ್ಲ. 1381ರ ರೈತ ದಂಗೆಯಲ್ಲಿ ನುಗ್ಗಿ, ನೆಲ ಅಗೆದು, ಕಲ್ಲು ಒಡೆದು, ಚರ್ಚಿನ ಪ್ರಸಾದದ ರೊಟ್ಟಿಯಂತೆ ಚೂರು ಚೂರು ಹಂಚಿಕೊಂಡರು. ವಿಜ್ಞಾನ ಬಲ್ಲವರೆಲ್ಲ ಜನರ ಪರ ಅಂತ ನಂಬುವವರಿಗೆ ನಾನು ಈ ಕಥೆಯನ್ನು ಮತ್ತೆ ಮತ್ತೆ ಹೇಳುತ್ತೇನೆ.

ಅಷ್ಟು ಹೊತ್ತಿಗೆ ಒಡೆಯರ ಹಿಡಿತ ಸಡಿಲವಾಗಿತ್ತು. 1348ರಲ್ಲಿ ಪ್ಲೇಗು ಬಂದು ಮೂರರಲ್ಲೊಂದು ಪಾಲಿಗೂ ಹೆಚ್ಚು ಜನ ಸತ್ತಿದ್ದರು. ಕೂಲಿಯಾಳು ಸಿಗದಾಗ ಉಳಿದವರು ಜಾಸ್ತಿ ಕೂಲಿ ಕೇಳಿದರು. 1351ರಲ್ಲಿ ಕೂಲಿ ಏರಬಾರದು ಅಂತ ಕಾನೂನು ಬಂದರೂ ನಿಲ್ಲಲಿಲ್ಲ. ಬಿಟ್ಟಿ ದುಡಿಮೆ ನಿಧಾನವಾಗಿ ಹಣದ ಗೇಣಿಯಾಯಿತು. ಬೇಲಿಯಿಲ್ಲದ ಹೊಲಗಳು ಮಾತ್ರ ಇನ್ನೂ ಕೆಲವು ಶತಮಾನ ಉಳಿದವು. ಅವು ಬಹುಪಾಲು ಹೋದದ್ದು 18, 19ನೇ ಶತಮಾನದಲ್ಲಿ, ಪಾರ್ಲಿಮೆಂಟಿನ ಕಾನೂನುಗಳಿಂದ.

ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್ಟನ್ ಎಂಬ ಹಳ್ಳಿಯಲ್ಲಿ ಮೂರು ಹೊಲಗಳ ಸರದಿ ಇಂದಿಗೂ ನಡೆಯುತ್ತಿದೆ. ಅಲ್ಲಿ ಈಗ ಟ್ರ್ಯಾಕ್ಟರು ಉಳುತ್ತದೆ. ಆದರೆ ಊರ ನ್ಯಾಯಸಭೆ ಹಾಗೇ ಇದೆ. ಚಳಿ ಶುರುವಾದಾಗ ಪಂಚರು ಗೋಧಿ ಬಿತ್ತಿದ ಹೊಲಕ್ಕೆ ಹೋಗಿ ಪಟ್ಟಿಗಳ ಗಡಿ ನೋಡುತ್ತಾರೆ, ಗೂಟ ಹೊಡೆಯುತ್ತಾರೆ. ಯಾರಾದರೂ ಒಂದು ಸಾಲು ಜಾಸ್ತಿ ಒತ್ತಿ ಊರ ಹುಲ್ಲಿನ ದಾರಿಯನ್ನು ಉತ್ತಿದ್ದರೆ, ಸಭೆಯಲ್ಲಿ ಅವರಿಗೆ ದಂಡ ಬೀಳುತ್ತದೆ.