28ರ ಲೆಕ್ಕದಲ್ಲಿ ಕಳೆದುಹೋದ ನೂರು ಮಂದಿ

ಮಂಗಳೂರು, ಉಡುಪಿ ಕಡೆಯಿಂದ ಎಂಬಿಬಿಎಸ್ ಓದಲು ಕಝಾಕಿಸ್ತಾನಕ್ಕೆ ಹೋದ ಮಕ್ಕಳು ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವ ಫೋಟೋಗಳಲ್ಲಿ ಅಲ್ಮಾಟಿಯ ಒಂದು ಉದ್ಯಾನ ಮತ್ತೆ ಮತ್ತೆ ಕಾಣಿಸುತ್ತದೆ. ಬಣ್ಣಬಣ್ಣದ ಮರದ ಚರ್ಚು, ಆಚೆ ಒಂದು ದೈತ್ಯ ಶಿಲ್ಪ. ಅದರೊಳಗಿನ ಸೈನಿಕರು ನೋಡುವವರ ಮೈಮೇಲೆಯೇ ನುಗ್ಗಿ ಬರುವ ಹಾಗಿದ್ದಾರೆ. ಎದುರಿಗೆ ಆರದೆ ಉರಿಯುವ ಜ್ಯೋತಿ. ಉದ್ಯಾನಕ್ಕಿರುವ ಹೆಸರು 28 ಪನ್‌ಫಿಲೋವ್ ಯೋಧರದು.

ಸೋವಿಯತ್ ಶಾಲೆಗಳಲ್ಲಿ ಓದಿದ ಯಾರನ್ನು ಕೇಳಿದರೂ ಆ 28 ಮಂದಿಯ ಕಥೆ ಹೇಳುತ್ತಿದ್ದರು. 1941ರ ನವೆಂಬರ್ 16ರಂದು ಮಾಸ್ಕೋಗೆ ವಾಯವ್ಯದ ದುಬೊಸೆಕೊವೊ ಎಂಬ ಪುಟ್ಟ ರೈಲು ನಿಲುಗಡೆಯ ಬಳಿ 28 ಕಾಲಾಳುಗಳು ಐವತ್ತಕ್ಕೂ ಹೆಚ್ಚು ಜರ್ಮನ್ ಟ್ಯಾಂಕ್‌ಗಳನ್ನು ನಾಲ್ಕು ಗಂಟೆ ತಡೆದು ನಿಲ್ಲಿಸಿದರು, 18 ಟ್ಯಾಂಕ್‌ಗಳನ್ನು ಸುಟ್ಟರು, ಕೊನೆಗೆ ಎಲ್ಲರೂ ಮಡಿದರು. ಮಾಸ್ಕೋದ ನಗರಗೀತೆಯಲ್ಲಿಯೂ ಈ 28 ಮಂದಿ ಇದ್ದಾರೆ.

ಆದರೆ ಕಥೆ ಹೇಳುವ ಹಾಗೆ ಆ ಕಾಳಗ ನಡೆದಿರಲಿಲ್ಲ. ಅಲ್ಲಿ ನಡೆದದ್ದು ಬೇರೆಯೇ ಕಾಳಗ. ಅದರಲ್ಲಿ ಸತ್ತವರ ಸಂಖ್ಯೆ 28ಕ್ಕಿಂತ ಎಷ್ಟೋ ಹೆಚ್ಚು. ಈ ವಿಷಯ ತೆಗೆದಾಗಲೆಲ್ಲ ವಾದ ‘ಕಥೆ ನಿಜವೋ ಸುಳ್ಳೋ’ ಎಂಬಲ್ಲಿಗೇ ಬಂದು ನಿಲ್ಲುತ್ತದೆ. ನನಗೆ ಸಂಕಟವಾಗುವುದು ಆ ವಾದದಲ್ಲಿ ಯಾರ ಬಾಯಲ್ಲೂ ಬಾರದ ಉಳಿದವರ ಬಗ್ಗೆ.

ಮೊದಲು ಯುದ್ಧದ ಕಡೆ ನೋಡೋಣ. ಹಿಟ್ಲರನ ಸೇನೆ 1941ರ ಅಕ್ಟೋಬರಿನಲ್ಲಿ ಮಾಸ್ಕೋದತ್ತ ಹೊರಟಿತು. ಮಳೆ, ಕೆಸರಿನಲ್ಲಿ ಸಿಕ್ಕಿ ನಿಧಾನವಾಗಿ, ನೆಲ ಹೆಪ್ಪುಗಟ್ಟಿದ ಮೇಲೆ ನವೆಂಬರ್ ಮಧ್ಯದಲ್ಲಿ ಮತ್ತೆ ಮುನ್ನುಗ್ಗಿತು. ಮಾಸ್ಕೋಗೆ ವಾಯವ್ಯದಲ್ಲಿರುವ ವೊಲೊಕೊಲಾಮ್ಸ್ಕ್ ದಾರಿಯನ್ನು ಕಾಯುತ್ತಿದ್ದುದು ಜನರಲ್ ರೊಕೊಸೊವ್ಸ್ಕಿಯ 16ನೇ ಸೇನೆ. ಅದರ 316ನೇ ಡಿವಿಷನ್ ಹುಟ್ಟಿದ್ದು ಅಲ್ಮಾಟಿಯಲ್ಲಿ. ಆಗ ಆ ಊರಿನ ಹೆಸರು ಅಲ್ಮಾ-ಅತಾ. ಕಝಕ್, ಕಿರ್ಗಿಝ್, ರಷ್ಯನ್, ಉಕ್ರೇನಿಯನ್ ಹುಡುಗರನ್ನು ಆ ಬೇಸಿಗೆಯಲ್ಲಿ ಸೇರಿಸಿಕೊಂಡು ಕಟ್ಟಿದ ಡಿವಿಷನ್ ಅದು. ಅದರ ಮುಖ್ಯಸ್ಥ ಮೇಜರ್ ಜನರಲ್ ಇವಾನ್ ಪನ್‌ಫಿಲೋವ್. ದುಬೊಸೆಕೊವೊ ಕಾಳಗವಾಗಿ ಎರಡು ದಿನಕ್ಕೆ, ನವೆಂಬರ್ 18ರಂದು, ಶೆಲ್ಲಿನ ಚೂರು ಬಡಿದು ಅವರೂ ಸತ್ತರು.

ಟ್ಯಾಂಕಿನ ಎದುರು ಕಾಲಾಳಿನ ಕೈಯಲ್ಲಿ ಆಗ ಇದ್ದುದಾದರೂ ಏನು? ಎರಡಾಳು ಹೊತ್ತು ಸಾಗಿಸುವ, ಆಳೆತ್ತರಕ್ಕಿಂತ ಉದ್ದದ ಟ್ಯಾಂಕ್ ನಿರೋಧಕ ಬಂದೂಕು. 14.5 ಮಿ.ಮೀ. ಗುಂಡು, ಒಂದು ಸಲಕ್ಕೆ ಒಂದೇ. ಆ ಬಂದೂಕು ರಣರಂಗಕ್ಕೆ ಬಂದದ್ದೇ ಆ ತಿಂಗಳು. ಎದುರಿನಿಂದ ಹೊಡೆದರೆ ಗುಂಡು ಜಾರಿ ಹೋಗುತ್ತಿತ್ತು. ಆದ್ದರಿಂದ ಟ್ಯಾಂಕ್ ನೂರು ಮೀಟರಿನೊಳಗೆ ಬಂದು ಮಗ್ಗುಲು ಕೊಡುವ ತನಕ ಗುಂಡಿಯೊಳಗೆ ಕಾಯಬೇಕು. ಅದೂ ಆಗದಿದ್ದರೆ ಗ್ರೆನೇಡುಗಳ ಕಟ್ಟು, ಬೆಂಕಿ ಹತ್ತುವ ದ್ರವ ತುಂಬಿದ ಬಾಟಲಿ. ಬಾಟಲಿಯನ್ನು ಟ್ಯಾಂಕಿನ ಮುಖಕ್ಕೆ ಎಸೆದು ಪ್ರಯೋಜನವಿಲ್ಲ. ಹಿಂಬದಿಯಲ್ಲಿ ಎಂಜಿನ್ ಇರುವ ಕಡೆಗೇ ಬೀಳಬೇಕು. ಅಂದರೆ ಟ್ಯಾಂಕ್ ತನ್ನ ಕಂದಕವನ್ನು ದಾಟಿ ಹೋಗುವವರೆಗೆ ತಲೆ ತಗ್ಗಿಸಿ ಕುಳಿತು, ದಾಟಿದ ಕೂಡಲೇ ಎದ್ದು ನಿಂತು ಎಸೆಯಬೇಕು. ಎದ್ದವನನ್ನು ಹೊಡೆಯಲು ಟ್ಯಾಂಕಿನ ಹಿಂದೆ ಶತ್ರುವಿನ ಕಾಲಾಳುಗಳು ಬರುತ್ತಿರುತ್ತಾರೆ. ಇದನ್ನು ಒಬ್ಬನೇ ಒಬ್ಬ ಮಾಡಿದ್ದರೂ ಅವನ ಧೈರ್ಯಕ್ಕೆ ಬಣ್ಣ ಹಚ್ಚುವ ಅಗತ್ಯವಿರಲಿಲ್ಲ.

ಆ ದಿನ ದುಬೊಸೆಕೊವೊದಲ್ಲಿ ಇದ್ದುದು ಪನ್‌ಫಿಲೋವ್ ಡಿವಿಷನ್ನಿನ 1075ನೇ ರೆಜಿಮೆಂಟಿನ ಎರಡನೇ ಬೆಟಾಲಿಯನ್, ಅದರೊಳಗೆ ಕ್ಯಾಪ್ಟನ್ ಗುಂದಿಲೊವಿಚ್‌ರ ನಾಲ್ಕನೇ ಕಂಪನಿ. ಆ ಕಂಪನಿಯಲ್ಲಿ ಇದ್ದವರು 120ರಿಂದ 140 ಮಂದಿ. ರೆಜಿಮೆಂಟಿನ ಕಮಾಂಡರ್ ಕರ್ನಲ್ ಇಲ್ಯಾ ಕಪ್ರೊವ್ ಮುಂದೆ ಈ ಕಥೆಯ ಬಗ್ಗೆ ನಡೆದ ವಿಚಾರಣೆಯಲ್ಲಿ ಹೇಳಿದ್ದು ಇಷ್ಟು: ಬೆಳಗ್ಗಿನ ದಾಳಿಯಲ್ಲಿ 10–12 ಟ್ಯಾಂಕ್‌ಗಳು ಬಂದವು, ರೆಜಿಮೆಂಟು ಐದಾರನ್ನು ಕೆಡವಿತು, ಜರ್ಮನ್ನರು ಹಿಂದೆ ಸರಿದರು. ಮಧ್ಯಾಹ್ನ ಎರಡು ಮೂರು ಗಂಟೆ ಹೊತ್ತಿಗೆ ಫಿರಂಗಿ ದಾಳಿ ಮಾಡಿ ಐವತ್ತಕ್ಕೂ ಹೆಚ್ಚು ಟ್ಯಾಂಕ್‌ಗಳೊಂದಿಗೆ ಮತ್ತೆ ಬಂದರು. ಒಂದು ಟ್ಯಾಂಕ್ ನೇರ ರೆಜಿಮೆಂಟಿನ ಕಮಾಂಡ್ ಠಾಣೆಗೇ ನುಗ್ಗಿತು. ರಕ್ಷಣಾ ಸಾಲು ಮುರಿಯಿತು. ನಾಲ್ಕನೇ ಕಂಪನಿ ನಿಜಕ್ಕೂ ವೀರಾವೇಶದಿಂದ ಹೋರಾಡಿತು, ಅದರ ನೂರಕ್ಕೂ ಹೆಚ್ಚು ಮಂದಿ ಸತ್ತರು.

ಹಾಗಾದರೆ 28 ಎಲ್ಲಿಂದ ಬಂತು?

ಸೇನೆಯ ದಿನಪತ್ರಿಕೆ ‘ಕ್ರಾಸ್ನಯಾ ಝ್ವೆಝ್ದಾ’ದ ವರದಿಗಾರ ಕೊರೊತೆಯೆವ್ ಆ ದಿನಗಳಲ್ಲಿ 16ನೇ ಸೇನೆಯ ಮುಖ್ಯ ಕಚೇರಿಗೆ ಹೋಗಿದ್ದರು. ಕಾಳಗದ ಜಾಗಕ್ಕೆ ಹೋಗಿರಲಿಲ್ಲ. ಡಿವಿಷನ್ನಿನ ಕಮಿಸಾರರ, ಅಂದರೆ ಪಕ್ಷದ ರಾಜಕೀಯ ಅಧಿಕಾರಿಯ, ಬಾಯಿಂದ ಕೇಳಿದ್ದನ್ನು ಬರೆದರು, ನವೆಂಬರ್ 27ರಂದು ಅಚ್ಚಾಯಿತು. ಅದರಲ್ಲಿ 28ರ ಮಾತಿಲ್ಲ. ಮಾಸ್ಕೋಗೆ ಮರಳಿದಾಗ ಸಂಪಾದಕ ಒರ್ತೆನ್‌ಬರ್ಗ್, ಕಂಪನಿಯಲ್ಲಿ ಎಷ್ಟು ಜನರಿದ್ದರು ಎಂದು ಕೇಳಿದರು. ಪೂರ್ತಿ ಬಲ ಇರಲಿಕ್ಕಿಲ್ಲ, ಮೂವತ್ತು ನಲವತ್ತು ಇರಬಹುದು ಎಂದರು ಕೊರೊತೆಯೆವ್. ಇಬ್ಬರು ಶರಣಾಗಲು ಹೋಗಿದ್ದರು ಎಂದೂ ಸೇರಿಸಿದರು. ಮೂವತ್ತರಲ್ಲಿ ಎರಡು ಕಳೆದರೆ ಇಪ್ಪತ್ತೆಂಟು. ಮರುದಿನ ಪತ್ರಿಕೆಯ ಸಾಹಿತ್ಯ ಕಾರ್ಯದರ್ಶಿ ಅಲೆಕ್ಸಾಂಡರ್ ಕ್ರಿವಿತ್ಸ್ಕಿ 28 ಹುತಾತ್ಮರ ಬಗ್ಗೆ ಸಂಪಾದಕೀಯ ಬರೆದೇ ಬಿಟ್ಟರು. ನೂರಕ್ಕೂ ಹೆಚ್ಚು ಸೈನಿಕರ ಜೀವದ ಲೆಕ್ಕ ಕಚೇರಿಯ ಮೇಜಿನ ಮುಂದೆ ಒಂದು ಕಳೆಯುವ ಲೆಕ್ಕವಾಗಿ ಮುಗಿಯಿತು.

ಲೆಕ್ಕ ಸಿಕ್ಕಿತು, ಇನ್ನು ಹೆಸರು ಬೇಕು. ಕ್ರಿವಿತ್ಸ್ಕಿ ರೆಜಿಮೆಂಟಿಗೆ ಬಂದರು. ಕಪ್ರೊವ್ ಕ್ರಿವಿತ್ಸ್ಕಿಯನ್ನು ಗುಂದಿಲೊವಿಚ್ ಬಳಿ ಕಳಿಸಿದರು. ಕಂಪನಿಯನ್ನೇ ಕಳೆದುಕೊಂಡ ಆ ಕ್ಯಾಪ್ಟನ್ ಮುಂದೆ ಯಾವ ಕಾಗದವೂ ಇರಲಿಲ್ಲ, ನೆನಪಿನಿಂದ ಹೆಸರು ಹೇಳುತ್ತಾ ಹೋದರು. ಸತ್ತವರು ನೂರಕ್ಕೂ ಹೆಚ್ಚು, ಬೇಕಾದ ಹೆಸರು ಮಾತ್ರ 28. ಈ ಇಡೀ ಇತಿಹಾಸದಲ್ಲಿ ನನ್ನನ್ನು ಹೆಚ್ಚು ಕಾಡುವ ಗಳಿಗೆ ಅದು. ಯಾರ ಹೆಸರು ಮೊದಲು ಬಾಯಿಗೆ ಬಂದಿತೋ ಅವರು ಅಮರರಾದರು. ಪಟ್ಟಿ 1942ರ ಜನವರಿ 22ರಂದು ಪ್ರಕಟವಾಯಿತು. ಏಪ್ರಿಲಿನಲ್ಲಿ ಗುಂದಿಲೊವಿಚ್ ಕೂಡ ಯುದ್ಧದಲ್ಲಿ ಸತ್ತರು. ಜುಲೈ 21ರಂದು 28 ಮಂದಿಗೂ ಮರಣೋತ್ತರವಾಗಿ ‘ಸೋವಿಯತ್ ಒಕ್ಕೂಟದ ವೀರ’ ಬಿರುದು ಬಂತು.

ಕಂಪನಿಯ ರಾಜಕೀಯ ಬೋಧಕ ವಾಸಿಲಿ ಕ್ಲೊಚ್ಕೊವ್ ಸಾಯುವ ಮುನ್ನ ಆಡಿದರೆನ್ನುವ ಮಾತು ದೇಶದ ತುಂಬ ಹಬ್ಬಿತು: ‘ರಷ್ಯಾ ವಿಶಾಲವಾಗಿದೆ, ಆದರೆ ಹಿಂದೆ ಸರಿಯಲು ಜಾಗವಿಲ್ಲ. ಬೆನ್ನ ಹಿಂದೆಯೇ ಮಾಸ್ಕೋ ಇದೆ.’ ಆ ಮಾತನ್ನು ತಾನೇ ಹೊಸೆದದ್ದೆಂದು ಕ್ರಿವಿತ್ಸ್ಕಿ ಆಮೇಲೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ನಮ್ಮ ಕರಾವಳಿಯ ತಾಳಮದ್ದಲೆಯಲ್ಲಿ ಚಕ್ರವ್ಯೂಹದೊಳಗಿನ ಅಭಿಮನ್ಯು ಆಡುವ ಮಾತೂ ಅರ್ಥಧಾರಿ ಆ ಹೊತ್ತಿಗೆ ಕಟ್ಟಿದ್ದೇ. ಆದರೆ ಅದು ಅರ್ಥಧಾರಿಯ ಮಾತೆಂದು ಎದುರಿಗೆ ಕುಳಿತ ಪ್ರತಿಯೊಬ್ಬರಿಗೂ ಗೊತ್ತು, ಗೊತ್ತಿದ್ದೇ ಕಣ್ಣೊರೆಸಿಕೊಳ್ಳುತ್ತಾರೆ. ಪತ್ರಿಕೆ ಓದಿದ ಸೋವಿಯತ್ ತಾಯಂದಿರಿಗೆ ಆ ತಿಳಿವಳಿಕೆಯನ್ನು ಯಾರೂ ಕೊಟ್ಟಿರಲಿಲ್ಲ.

ಕಥೆ ಬಿಚ್ಚಿಕೊಂಡದ್ದು ಒಂದು ಬಂಧನದಿಂದ. 1947ರ ಕೊನೆಗೆ ಖಾರ್ಕೊವ್‌ನ ಸೇನಾ ಪ್ರಾಸಿಕ್ಯೂಟರ್ ಕಚೇರಿ ಇವಾನ್ ದೊಬ್ರೊಬಾಬಿನ್ ಎಂಬವನನ್ನು ದೇಶದ್ರೋಹದ ಆರೋಪದಲ್ಲಿ ಹಿಡಿಯಿತು. ಜರ್ಮನ್ನರು ಆಕ್ರಮಿಸಿದ್ದ ಊರಿನಲ್ಲಿ ಅವರ ಪೊಲೀಸನಾಗಿ ಕೆಲಸ ಮಾಡಿದ್ದವನು. ಅವನ ಬಳಿ 28 ವೀರರ ಬಗ್ಗೆ ಅಚ್ಚಾದ ಪುಸ್ತಕ ಸಿಕ್ಕಿತು, ಹುತಾತ್ಮರ ಪಟ್ಟಿಯಲ್ಲಿ ಅವನ ಹೆಸರೂ ಇತ್ತು! ತನಿಖೆ ಮುಂದುವರಿದಂತೆ ಪಟ್ಟಿಯಲ್ಲಿದ್ದ ಇನ್ನೂ ಕೆಲವರು ಬದುಕಿರುವುದು ಗೊತ್ತಾಯಿತು. ಸಮೀಪದ ನೆಲಿದೊವೊ ಹಳ್ಳಿಯ ಸೋವಿಯತ್ (ಪಂಚಾಯಿತಿ) ಅಧ್ಯಕ್ಷೆಯ ಹೇಳಿಕೆ ತೆಗೆದುಕೊಂಡರು. 1942ರ ಫೆಬ್ರವರಿಯಲ್ಲಿ ಮೂರು ಶವ, ಹಿಮ ಕರಗತೊಡಗಿದ ಮಾರ್ಚಿನಲ್ಲಿ ಕ್ಲೊಚ್ಕೊವ್‌ರದ್ದೂ ಸೇರಿ ಇನ್ನು ಮೂರು. ಒಟ್ಟು ಆರು ಮಂದಿಯನ್ನು ಹಳ್ಳಿಯ ಅಂಚಿನಲ್ಲಿ ಒಂದೇ ಗುಂಡಿಯಲ್ಲಿ ಹೂಳಲಾಗಿತ್ತು. ಕಪ್ರೊವ್ ಅದೇ ತನಿಖೆಯಲ್ಲಿ ನೇರವಾಗಿ ಹೇಳಿದ್ದು: 28 ಮಂದಿಯ ಕಾಳಗ ಎಂಬುದು ಪೂರ್ತಿ ಕಟ್ಟುಕಥೆ, ಹೋರಾಡಿದ್ದು ಇಡೀ ಕಂಪನಿ.

ಮುಖ್ಯ ಸೇನಾ ಪ್ರಾಸಿಕ್ಯೂಟರ್ ಅಫನಾಸ್ಯೆವ್ 1948ರ ಮೇ ತಿಂಗಳಲ್ಲಿ ಇದೆಲ್ಲವನ್ನೂ ವರದಿ ಮಾಡಿ ಮೇಲಕ್ಕೆ ಕಳಿಸಿದರು. ವರದಿ ಕಪಾಟು ಸೇರಿತು. ಸ್ಮಾರಕಗಳು ಏಳುತ್ತಲೇ ಹೋದವು. ಅಲ್ಮಾಟಿಯ ಶಿಲ್ಪ ಮತ್ತು ದುಬೊಸೆಕೊವೊದ ಬೃಹತ್ ಪ್ರತಿಮೆಗಳು ಎರಡೂ 1975ರವು.

ಇದು ರಷ್ಯಾದ ರೋಗ ಮಾತ್ರ ಎಂದುಕೊಳ್ಳುವುದು ಬೇಡ. ಪ್ರತಿ ಜುಲೈ 26ರ ಕಾರ್ಗಿಲ್ ವಿಜಯ ದಿನಕ್ಕೆ ಮಂಗಳೂರಿನ ಕದ್ರಿ ಯುದ್ಧಸ್ಮಾರಕದಲ್ಲಿ ಹೂಗುಚ್ಛ ಇಡುವ ನಮಗೂ ರಾಜಸ್ಥಾನದ ಗಡಿಠಾಣೆ ಲೊಂಗೆವಾಲಾದ ಕಾಳಗ ಗೊತ್ತಿರುವುದು ಹೆಚ್ಚಾಗಿ 1997ರ ಹಿಂದಿ ಸಿನಿಮಾದಿಂದ. 1971ರ ಡಿಸೆಂಬರ್ 4ರ ರಾತ್ರಿ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಸುಮಾರು 120 ಮಂದಿಯ ಕಂಪನಿ, ಜೀಪಿನ ಮೇಲೆ ಕೂರಿಸಿದ ಆರ್‌ಸಿಎಲ್ (ಹಿಂದಕ್ಕೆ ಒದೆಯದ ಟ್ಯಾಂಕ್ ನಿರೋಧಕ) ತೋಪುಗಳನ್ನು ನೆಚ್ಚಿಕೊಂಡು ಪಾಕಿಸ್ತಾನದ ಟ್ಯಾಂಕ್‌ಗಳನ್ನು ಬೆಳಗಾಗುವ ತನಕ ಹಿಡಿದಿಟ್ಟಿತು. ಬೆಳಕು ಹರಿದ ಮೇಲೆ ಜೈಸಲ್ಮೇರ್‌ನಿಂದ ಹಾರಿಬಂದ ಹಂಟರ್ ವಿಮಾನಗಳು ಟ್ಯಾಂಕ್‌ಗಳನ್ನು ಒಂದೊಂದಾಗಿ ಸುಟ್ಟವು. ನಮ್ಮ ಕಡೆ ಸತ್ತವರು ಬೆರಳೆಣಿಕೆಯಷ್ಟು. ತೆರೆಯ ಮೇಲೆ ವೀರಮರಣ ಹೊಂದಿದ ಯುವ ಅಧಿಕಾರಿ ಧರಮ್ ವೀರ್ ನಿಜದಲ್ಲಿ ಬದುಕಿದ್ದರು. ಅಲ್ಲಿ ಸತ್ತವರನ್ನು ಕಡಿಮೆ ಮಾಡಿದರು, ಇಲ್ಲಿ ಬದುಕಿದವರನ್ನು ಸಾಯಿಸಿದರು. ಕೆಲವೇ ಮಂದಿ, ಕೊನೆಯವನ ತನಕ ಹೋರಾಟ, ಯಾರೂ ಉಳಿಯಲಿಲ್ಲ ಎಂಬ ಅಚ್ಚು ಮೊದಲೇ ತಯಾರಿರುತ್ತದೆ. ನಡೆದದ್ದನ್ನು ಅದಕ್ಕೆ ತಕ್ಕಂತೆ ಕತ್ತರಿಸುತ್ತಾರೆ. ಚಾಂದ್‌ಪುರಿ ತಮ್ಮ ಜವಾನರನ್ನು ಬದುಕಿಸಿಕೊಂಡೇ ಠಾಣೆ ಉಳಿಸಿಕೊಂಡರು ಎನ್ನುವುದೇ ನನ್ನ ಮಟ್ಟಿಗೆ ದೊಡ್ಡ ಪರಾಕ್ರಮ.

ರಷ್ಯಾದಲ್ಲಿ 1966ರಲ್ಲೇ ಒಂದು ಸಾಹಿತ್ಯ ಪತ್ರಿಕೆ ಕಥೆಯನ್ನು ಪ್ರಶ್ನಿಸಿತ್ತು. ಅಫನಾಸ್ಯೆವ್ ವರದಿಯ ವಿವರಗಳು ಹೊರಬಿದ್ದದ್ದು ಸೋವಿಯತ್ ಒಕ್ಕೂಟ ಮುರಿಯುವ ಹೊತ್ತಿಗೆ. 2015ರ ಜುಲೈಯಲ್ಲಿ ರಷ್ಯಾದ ರಾಜ್ಯ ಪತ್ರಾಗಾರ ಆ ವರದಿಯನ್ನೇ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಹಾಕಿತು. ಸಂಸ್ಕೃತಿ ಸಚಿವ ಮೆದಿನ್ಸ್ಕಿ ಸಿಟ್ಟಾದರು, ಪತ್ರಾಗಾರದ ನಿರ್ದೇಶಕ, ಇತಿಹಾಸಕಾರ ಸೆರ್ಗೆಯ್ ಮಿರೊನೆಂಕೊ 2016ರಲ್ಲಿ ಆ ಹುದ್ದೆಯಿಂದ ಇಳಿಯಬೇಕಾಯಿತು. ಅದೇ ವರ್ಷದ ನವೆಂಬರಿನಲ್ಲಿ ಸಾವಿರಾರು ಜನ ಸ್ವಂತ ದುಡ್ಡು ಹಾಕಿ ಮಾಡಿಸಿದ ಸಿನಿಮಾ ತೆರೆಗೆ ಬಂತು. ಅದರಲ್ಲಿಯೂ ದುಬೊಸೆಕೊವೊದ ಕಂದಕದಲ್ಲಿ ಟ್ಯಾಂಕ್‌ಗಳಿಗಾಗಿ ಕಾಯುತ್ತಿದ್ದವರು ಇಪ್ಪತ್ತೆಂಟೇ ಮಂದಿ.