ಕಾರ್ಬನ್ ಡಾಟ್ ಎಂದರೇನು?

ಹತ್ತು ನ್ಯಾನೋಮೀಟರಿಗಿಂತ ಸಣ್ಣದಾದ, ಹೊಳೆಯುವ ಇಂಗಾಲದ ಕಣಗಳಿಗೆ ಕಾರ್ಬನ್ ಡಾಟ್ ಎನ್ನುತ್ತಾರೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಮೀಟರ್. ಇದ್ದಿಲು, ಮಸಿ ಎಲ್ಲ ಕಪ್ಪು, ಅಲ್ವಾ? ಅದೇ ಇಂಗಾಲ ಇಷ್ಟು ಸಣ್ಣದಾಗಿ ನೀರಿನಲ್ಲಿ ಬೆರೆತಾಗ, ಖೋಟಾನೋಟು ಪತ್ತೆಗೆ ಅಂಗಡಿಯಲ್ಲಿಡುವಂಥ ಯುವಿ ಲೈಟಿನ ಕೆಳಗೆ ನೀಲಿಯಾಗಿ, ಹಸಿರಾಗಿ ಹೊಳೆಯುತ್ತದೆ. 2004ರಲ್ಲಿ ಅಮೆರಿಕದಲ್ಲಿ ಮಸಿಯಿಂದ ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಬೇರ್ಪಡಿಸುತ್ತಿದ್ದವರ ಕಣ್ಣಿಗೆ ಇದು ಬಿತ್ತು.

ಮಾಡಲು ದುಬಾರಿ ಸಾಮಾನು ಬೇಡ. ಸಿಟ್ರಿಕ್ ಆಸಿಡ್, ಕಿತ್ತಳೆ ರಸವನ್ನು ಹದವಾಗಿ ಕಾಯಿಸಿದರೂ ಸಿಗುತ್ತದೆ. ಕಾಸರಗೋಡಿನವರಾದ ನಮಗೆ ಖುಷಿ ಕೊಡುವುದು ಬೊಂಡದ ನೀರಿನ, ಅಂದರೆ ಎಳನೀರಿನ ಪ್ರಯೋಗ. ಸಂಶೋಧಕರು ಅದನ್ನು ಮೈಕ್ರೋವೇವ್‌ನಲ್ಲಿ ಕಾಯಿಸಿ ಡಾಟ್ ಮಾಡಿ, ವಿಟಮಿನ್ ಬಿ1 ಪತ್ತೆಗೆ ಬಳಸಿದ್ದಾರೆ. ತಾಮ್ರದ ಅಯಾನು (ವಿದ್ಯುದಂಶ ಹೊತ್ತ ಕಣ) ಸೇರಿಸಿದಾಗ ಹೊಳಪು ಆರುತ್ತದೆ. ಬಿ1 ಸೇರಿದರೆ ತಾಮ್ರದ ಆಟ ನಿಂತು ಮತ್ತೆ ಬೆಳಗುತ್ತದೆ. ಎಷ್ಟು ಬೆಳಗಿತು ಎಂದು ಅಳೆದರೆ ಬಿ1 ಎಷ್ಟಿದೆ ಎಂಬ ಲೆಕ್ಕ ಸಿಗುತ್ತದೆ. ಆರುವುದು, ಬೆಳಗುವುದು: ಈ ಸೆನ್ಸರ್‌ಗಳು ಹೆಚ್ಚಾಗಿ ಮಾತಾಡುವುದು ಇದರಲ್ಲೇ. ಕ್ಯಾಡ್ಮಿಯಂ ಎಂಬ ವಿಷದ ಲೋಹ ಇರುವ, ಹೀಗೇ ಹೊಳೆಯುವ ಹಳೆಯ ಕ್ವಾಂಟಮ್ ಡಾಟ್ ಕಣಗಳಿಗಿಂತ ಇವುಗಳ ವಿಷ ಕಡಿಮೆ. ಹಾಗಾಗಿ ಜೀವಕೋಶದ ಒಳಗೂ ಬಳಸಿ ನೋಡುತ್ತಾರೆ.

ಹಾಗಾದರೆ ಕೀಟನಾಶಕವನ್ನೂ ಇವು ಪತ್ತೆ ಮಾಡಬಲ್ಲವೇ? ನಮ್ಮ ಕಾಸರಗೋಡಿನ ಎಣ್ಮಕಜೆ, ಪಡ್ರೆ ಕಡೆಯ ಯಾರೇ ಆದರೂ ಮೊದಲು ಕೇಳುವುದು ಇದನ್ನೇ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ನಾವು ಮರೆಯುವ ಹಾಗಿಲ್ಲ. ಕ್ಲೋರ್‌ಪೈರಿಫಾಸ್‌ನಂಥ ರಂಜಕದ ಕೀಟನಾಶಕಗಳಿಗೆ ಒಂದು ದಾರಿ ಇದೆ. ಅವು ನರಗಳಿಗೆ ಬೇಕಾದ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುತ್ತವೆ. ಆ ಕಿಣ್ವವನ್ನು ಡಾಟ್‌ಗಳ ಜೊತೆ ಬಳಸಿದರೆ, ಅದರ ಕೆಲಸ ನಿಂತದ್ದು ಬೆಳಕಿನ ಏರಿಳಿತದಲ್ಲಿ ಗೊತ್ತಾಗುತ್ತದೆ. ಎಂಡೋಸಲ್ಫಾನ್ ಆ ಜಾತಿಯದ್ದಲ್ಲ. ಅದು ಕ್ಲೋರಿನ್ ಇರುವ ವಿಷ, ನರಗಳ ಮೇಲೆ ಅದರ ದಾಳಿಯೇ ಬೇರೆ. ಈ ಕಿಣ್ವದ ಉಪಾಯ ಅದಕ್ಕೆ ನಡೆಯದು. ಅದನ್ನು ಅಳೆಯಲು, ಮಾದರಿಯನ್ನು ಆವಿಯಾಗಿಸಿ ಅದರಲ್ಲಿರುವುದನ್ನು ಬೇರೆ ಬೇರೆ ಮಾಡುವ ಲ್ಯಾಬಿನ ಗ್ಯಾಸ್ ಕ್ರೊಮ್ಯಾಟೊಗ್ರಫಿಯೇ ನಂಬಿಕೆಯ ದಾರಿ.

ನಮ್ಮ ಮುರಕಲ್ಲಿನ (ಕಬ್ಬಿಣದಂಶವಿರುವ ಕೆಂಪು ಕಲ್ಲಿನ) ನೆಲದಲ್ಲಿ ಇನ್ನೊಂದು ತೊಡಕಿದೆ. ಕಬ್ಬಿಣದ ಅಯಾನು ಅನೇಕ ಬಗೆಯ ಕಾರ್ಬನ್ ಡಾಟ್‌ಗಳ ಹೊಳಪನ್ನು ತಾನೇ ಆರಿಸಿಬಿಡುತ್ತದೆ. ಕಬ್ಬಿಣದಂಶ ಜಾಸ್ತಿ ಇರುವ ಬಾವಿ ನೀರು, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಹಾಕಿದರೆ ಬೆಳಕು ಕುಗ್ಗಿದ್ದು ವಿಷದಿಂದಲೋ ಕಬ್ಬಿಣದಿಂದಲೋ ಹೇಗೆ ಹೇಳುವುದು? ಅದಕ್ಕೇ ಹೊಸ ಸೆನ್ಸರ್ ಬಂತು ಎಂಬ ಸುದ್ದಿ ಓದಿದಾಗ ನಾನು ಮೊದಲು ನೋಡುವುದು, ಪರೀಕ್ಷೆಗೆ ಯಾವ ನೀರು ಬಳಸಿದ್ದಾರೆ ಎಂದು. ಲ್ಯಾಬಿನ ಶುದ್ಧ ನೀರಿನಲ್ಲಿ ಮಾತ್ರ ಆಗಿದ್ದರೆ, ನಮ್ಮ ಬಾವಿಕಟ್ಟೆಗೆ ಬರಲು ಇನ್ನೂ ಕೆಲಸ ಬಾಕಿ ಇದೆ.